ಆಯ್ಕೆ ಪಟ್ಟಿಯಲ್ಲಿ ವಿದೇಶಿ ವಿಶ್ವವಿದ್ಯಾಲಯ ಎಷ್ಟನೆಯದು?

ಬಿ.ಇ. ಮುಗಿಸಿ ಸ್ನಾತಕೋತ್ತರ ಪದವಿಗೆ ಹೊರಡುವ ವಿದ್ಯಾರ್ಥಿಯ ಕೈಯಲ್ಲಿ ಈಗ ಸಾಮಾನ್ಯವಾಗಿ ಬೇರೆಬೇರೆ ಬಗೆಯ ಹೆಸರುಗಳು ಒಟ್ಟಿಗೆ ಇರುತ್ತವೆ: ಗೇಟ್ ಅಂಕದ ಮೇಲೆ ಸುರತ್ಕಲ್ ಎನ್‌ಐಟಿಯಂಥ ಕಡೆ ಸಿಗಬಹುದಾದ ಎಂ.ಟೆಕ್., ಶುಲ್ಕ ಕಡಿಮೆಯಿರುವ ಜರ್ಮನಿಯ ಎಂ.ಎಸ್ಸಿ., ದುಬಾರಿಯಾದ ಅಮೆರಿಕದ ಎಂ.ಎಸ್., ಒಂದೇ ವರ್ಷದಲ್ಲಿ ಮುಗಿಯುವ ಬ್ರಿಟನ್ನಿನ ಕೋರ್ಸು. ಸಿಇಟಿ ಬರೆದು ಬಂದವರಿಗೆ ಆಪ್ಷನ್ ಎಂಟ್ರಿ ಹೊಸದಲ್ಲ. ಅಲ್ಲಿ ಕಾಲೇಜುಗಳನ್ನು ಬೇಕಾದ ಕ್ರಮದಲ್ಲಿ ಜೋಡಿಸಿಕೊಟ್ಟರೆ ಉಳಿದದ್ದನ್ನು ಕೆಇಎ ನೋಡಿಕೊಳ್ಳುತ್ತದೆ. ಸ್ನಾತಕೋತ್ತರ ಪದವಿಗೆ ಹೊರದೇಶಕ್ಕೆ ಹೋಗುವವರಿಗೆ ಅಂಥ ಏರ್ಪಾಡಿಲ್ಲ. ವಿಶ್ವವಿದ್ಯಾಲಯಕ್ಕೊಂದು ಅರ್ಜಿ, ಒಂದು ಶುಲ್ಕ, ಒಂದು ಗಡುವು. ಯಾವುದು ಮೇಲೆ, ಯಾವುದು ಕೆಳಗೆ ಎಂಬುದನ್ನು ವಿದ್ಯಾರ್ಥಿಯೇ ತೀರ್ಮಾನಿಸಬೇಕು. ಬಹಳಷ್ಟು ಮನೆಗಳಲ್ಲಿ ಈ ತೀರ್ಮಾನ ಜಾಗತಿಕ ರ‍್ಯಾಂಕಿಂಗ್ ತೆರೆದ ಐದು ನಿಮಿಷದಲ್ಲಿ ಆಗಿಹೋಗುತ್ತದೆ. ರ‍್ಯಾಂಕಿಂಗ್ ನೋಡಬಾರದೆಂದಲ್ಲ. ಅದನ್ನು ಕೊನೆಗೆ ನೋಡಬೇಕು.

ಮೊದಲು ಇಲ್ಲಿನ ಸೀಟು

ಪಟ್ಟಿಯ ಮೊದಲ ಸಾಲಿನಲ್ಲಿ ಬರೆಯಬೇಕಾದದ್ದು ಇಲ್ಲಿ ಖಚಿತವಾಗಿ ಸಿಗುವ ಆಯ್ಕೆ. ಗೇಟ್ ಅರ್ಹತೆಯೊಂದಿಗೆ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಶಿಷ್ಯವೇತನ ಬರುತ್ತದೆ. ಅಂದರೆ ಓದುವಾಗಲೇ ಅಷ್ಟಿಷ್ಟು ಖರ್ಚು ಕಳೆಯುತ್ತದೆ. ವಿದೇಶದ ಪ್ರತಿ ಹೆಸರನ್ನೂ ಈ ಸಾಲಿನ ಎದುರಿಗಿಟ್ಟು ತೂಗಬೇಕು. ವಿದೇಶದ ಹೆಸರುಗಳನ್ನು ಅವುಗಳಲ್ಲೇ ಹೋಲಿಸುತ್ತ ಕುಳಿತರೆ ಅವುಗಳಲ್ಲಿ ಒಂದು ಗೆದ್ದೇ ಗೆಲ್ಲುತ್ತದೆ. ಅದು ಇಲ್ಲಿನ ಸೀಟಿಗಿಂತ ಮೇಲೋ ಅಲ್ಲವೋ ಎಂಬ ಪ್ರಶ್ನೆ ಏಳುವುದೇ ಇಲ್ಲ.

ಅದರ ಕೆಳಗೆ ಪದವಿಯಿಂದ ಆಗಬೇಕಾದ ಕೆಲಸವನ್ನು ಒಂದು ವಾಕ್ಯದಲ್ಲಿ ಬರೆಯಬೇಕು. ಬೆಂಗಳೂರಿನಲ್ಲಿ ಚಿಪ್ ವಿನ್ಯಾಸದ ಉದ್ಯೋಗ, ಪಿಎಚ್.ಡಿ., ಹೊರದೇಶದಲ್ಲಿ ಕೆಲವು ವರ್ಷದ ದುಡಿಮೆ, ಸರ್ಕಾರಿ ಕಾಲೇಜಿನಲ್ಲಿ ಅಧ್ಯಾಪಕ ಹುದ್ದೆ: ಈ ನಾಲ್ಕಕ್ಕೂ ಪಟ್ಟಿ ನಾಲ್ಕು ಬಗೆಯಾಗುತ್ತದೆ. ಈ ವಾಕ್ಯ ಬರೆಯಲಾಗದಿದ್ದರೆ ಪಟ್ಟಿ ಮಾಡುವ ಹೊತ್ತು ಇನ್ನೂ ಬಂದಿಲ್ಲ ಎಂದೇ ಅರ್ಥ.

ಮಾನ್ಯತೆಯ ಜರಡಿ

ಮರಳಿ ಬಂದು ಇಲ್ಲಿ ಓದುವ, ಕಲಿಸುವ ಅಥವಾ ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವ ಉದ್ದೇಶವಿದ್ದರೆ ಪದವಿಗೆ ಭಾರತದಲ್ಲಿ ಮಾನ್ಯತೆ ಬೇಕು. ಬಹುಕಾಲ ಭಾರತೀಯ ವಿಶ್ವವಿದ್ಯಾಲಯಗಳ ಸಂಘ (ಎಐಯು) ನೋಡಿಕೊಳ್ಳುತ್ತಿದ್ದ ಈ ಸಮಾನತೆಯ ವಿಷಯಕ್ಕೆ ಯುಜಿಸಿ 2025ರಲ್ಲಿ ತನ್ನದೇ ನಿಯಮಾವಳಿ ತಂದಿದೆ. ಫ್ರಾಂಚೈಸಿ ಒಪ್ಪಂದದ ಮೇಲೆ ಇನ್ನೊಂದು ಸಂಸ್ಥೆ ನಡೆಸುವ ಕೋರ್ಸಿನ ಪದವಿ ಅದರಡಿ ಮಾನ್ಯವಲ್ಲ. ಬ್ರಿಟನ್ನಿನ ಒಂದು ವರ್ಷದ ಸ್ನಾತಕೋತ್ತರ ಪದವಿಗೆ ಇಲ್ಲಿ ಬಹಳ ವರ್ಷ ತೊಡಕಿತ್ತು. 2022ರ ಜುಲೈನಲ್ಲಿ ಎರಡೂ ದೇಶಗಳು ಪರಸ್ಪರ ಮಾನ್ಯತೆಯ ಒಪ್ಪಂದ ಮಾಡಿಕೊಂಡ ಮೇಲೆ ದಾರಿ ಸುಗಮವಾಯಿತು. ವೈದ್ಯಕೀಯ, ಕಾನೂನು, ವಾಸ್ತುಶಿಲ್ಪಗಳ ಲೆಕ್ಕವೇ ಬೇರೆ. ಉದಾಹರಣೆಗೆ, ವಿದೇಶದ ಎಂಬಿಬಿಎಸ್‌ಗೆ 2021ರ ನಿಯಮದಂತೆ ಕನಿಷ್ಠ 54 ತಿಂಗಳ ಇಂಗ್ಲಿಷ್ ಮಾಧ್ಯಮದ ಓದು ಮತ್ತು ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಕಡ್ಡಾಯ. ಈ ಜರಡಿಯಲ್ಲಿ ನಿಲ್ಲದ ಹೆಸರನ್ನು ಅಂಕ ಕೊಟ್ಟು ಕೆಳಗಿಳಿಸುವುದಲ್ಲ, ಪಟ್ಟಿಯಿಂದಲೇ ತೆಗೆಯಬೇಕು.

ವಿಶ್ವವಿದ್ಯಾಲಯವಲ್ಲ, ಕೋರ್ಸು

ಮುಂದಿನ ಹಂತ ಎಲ್ಲಕ್ಕಿಂತ ಹೆಚ್ಚು ಸಮಯ ಬೇಡುವಂಥದ್ದು. ಪ್ರತಿ ಕೋರ್ಸಿನ ಪುಟ ತೆರೆದು ಪ್ರವೇಶದ ಷರತ್ತು, ಸೆಮಿಸ್ಟರ್‌ವಾರು ವಿಷಯಗಳು, ಪ್ರಬಂಧ ಅಥವಾ ಇಂಟರ್ನ್‌ಶಿಪ್‌ಗೆ ಕೊಡುವ ಅವಧಿ, ಬೋಧನೆಯ ಭಾಷೆ ಇವನ್ನು ಓದಬೇಕು. ಜರ್ಮನಿಯ ಕೋರ್ಸುಗಳನ್ನು ಹುಡುಕಲು ಡಿಎಎಡಿ ಸಂಸ್ಥೆಯ ದತ್ತಾಂಶಕೋಶ ಎಲ್ಲರಿಗೂ ಮುಕ್ತವಾಗಿದೆ. ಅಲ್ಲಿನ ಎಷ್ಟೋ ಕೋರ್ಸುಗಳು ಗಣಿತಕ್ಕೆ ಇಷ್ಟು, ಪ್ರೋಗ್ರಾಮಿಂಗ್‌ಗೆ ಇಷ್ಟು ಎಂದು ಪದವಿಯಲ್ಲಿ ಗಳಿಸಿರಬೇಕಾದ ಕ್ರೆಡಿಟ್‌ಗಳನ್ನು ವಿಷಯವಾರು ಕೇಳುತ್ತವೆ. ವಿಟಿಯುವಿನಲ್ಲಿ ಮೆಕ್ಯಾನಿಕಲ್ ಓದಿದವರು ಅಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ಹಾರಲು ಹೊರಟರೆ ಸಿಜಿಪಿಎ ಎಷ್ಟೇ ಚೆನ್ನಾಗಿದ್ದರೂ ಅರ್ಜಿ ಈ ಲೆಕ್ಕದಲ್ಲೇ ಬಿದ್ದುಹೋಗಬಹುದು. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ಒಂದೆರಡು ಪೂರ್ವಭಾವಿ ವಿಷಯಗಳನ್ನು ಓದಿಸಿ ಅಂಥವರನ್ನು ಸೇರಿಸಿಕೊಳ್ಳುವುದುಂಟು. ವಿಷಯ ಬದಲಿಸುವವರಿಗೆ ಈ ಒಂದು ವ್ಯತ್ಯಾಸವೇ ದೇಶವನ್ನು ನಿರ್ಧರಿಸಿಬಿಡುತ್ತದೆ.

ರ‍್ಯಾಂಕಿಂಗ್‌ನ ಕಣ್ಣಿಗೆ ಬೀಳದ ಒಳ್ಳೆಯ ಆಯ್ಕೆಗಳು ಸಿಗುವುದೂ ಈ ಹಂತದಲ್ಲೇ. ಜರ್ಮನಿಯಲ್ಲಿ ‘ಹೋಕ್‌ಶೂಲೆ’ ಎಂದು ಕರೆಯುವ ಅನ್ವಯಿಕ ವಿಜ್ಞಾನ ವಿಶ್ವವಿದ್ಯಾಲಯಗಳಿವೆ. ಅವುಗಳಿಗೆ ಸಂಶೋಧನೆಗಿಂತ ಕೈಗಾರಿಕೆಯ ಕೆಲಸ ಮುಖ್ಯ. ಹಾಗಾಗಿ ಜಾಗತಿಕ ಪಟ್ಟಿಗಳಲ್ಲಿ ಅವು ಕಾಣುವುದೇ ಅಪರೂಪ. ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗೆನ್‌ನಲ್ಲಿ ಅಂಥದೊಂದಿದೆ. ಮರ್ಸಿಡಿಸ್, ಪೋರ್ಷೆ, ಬಾಷ್‌ಗಳ ತವರೇ ಆ ಪ್ರದೇಶ. ವಾಹನೋದ್ಯಮಕ್ಕೆ ಹೋಗಬೇಕೆಂದಿರುವ ವಿದ್ಯಾರ್ಥಿಗೆ ಅಲ್ಲಿನ ಪ್ರವೇಶ, ಎಲ್ಲೋ ಮೂಲೆಯಲ್ಲಿರುವ ‘ವಿಶ್ವದ 300ನೇ’ ವಿಶ್ವವಿದ್ಯಾಲಯಕ್ಕಿಂತ ಮೇಲೆ ನಿಂತರೆ ಆಶ್ಚರ್ಯಪಡಬೇಕಿಲ್ಲ. ಪಿಎಚ್.ಡಿ. ಗುರಿಯಿದ್ದವರಿಗೆ ಮಾತ್ರ ಇದು ಸಲ್ಲದು.

ಹಣದ ಲೆಕ್ಕ

ಜರ್ಮನಿಯಲ್ಲಿ ಓದು ಉಚಿತ ಎಂಬ ಮಾತು ಅರ್ಧ ನಿಜ. ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ನಿಜ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೊ ವಿಧಿಸುತ್ತಿದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಅಂಥ ಹೊಸಬರಿಗೆ ಸೆಮಿಸ್ಟರ್‌ಗೆ 2,000ದಿಂದ 6,000 ಯೂರೊವರೆಗೆ ನಿಗದಿ ಮಾಡಿದೆ. ಜೊತೆಗೆ ವೀಸಾಕ್ಕಾಗಿ ಒಂದು ವರ್ಷದ ಜೀವನವೆಚ್ಚವನ್ನು ‘ಬ್ಲಾಕ್ಡ್ ಅಕೌಂಟ್’ನಲ್ಲಿ ಮೊದಲೇ ಇಡಬೇಕು. 2024ರ ಸೆಪ್ಟೆಂಬರ್‌ನಲ್ಲಿ ಆ ಮೊತ್ತ 11,904 ಯೂರೊ, ತಿಂಗಳಿಗೆ 992, ಎಂದು ನಿಗದಿಯಾಯಿತು. ಎರಡು ವರ್ಷಕ್ಕೆ ಹಿಡಿದರೆ 23,808 ಯೂರೊ. ಯೂರೊಗೆ ನೂರು ರೂಪಾಯಿ ಎಂದುಕೊಂಡರೂ ಶುಲ್ಕವಿಲ್ಲದ ಓದಿಗೆ ಸುಮಾರು 24 ಲಕ್ಷ ರೂಪಾಯಿ ಬೇಕು.

ಅಮೆರಿಕದ ಲೆಕ್ಕ ಹಾಕಲು ವಿಶ್ವವಿದ್ಯಾಲಯದವರು ಕಳಿಸುವ ಐ-20 ಪತ್ರ ಸಾಕು. ಶುಲ್ಕ, ವಸತಿ, ವಿಮೆ ಎಲ್ಲವನ್ನೂ ಸೇರಿಸಿ ಅವರೇ ಅಂದಾಜು ಬರೆದಿರುತ್ತಾರೆ. ಸಾಲ ಮಾಡುವವರು ಮರುಪಾವತಿಯನ್ನು ಡಾಲರ್ ಸಂಬಳದ ಮೇಲೆ ಎಣಿಸುವುದು ರೂಢಿ. ಎಣಿಸಬೇಕಾದದ್ದು ಇಲ್ಲಿನ ಸಂಬಳದ ಮೇಲೆ. 40 ಲಕ್ಷ ರೂಪಾಯಿ ಸಾಲವನ್ನು ಶೇ 11ರ ಬಡ್ಡಿಯಲ್ಲಿ ಹತ್ತು ವರ್ಷ ತೀರಿಸಿದರೆ ತಿಂಗಳ ಕಂತು ಸುಮಾರು 55 ಸಾವಿರ. ಓದಿನ ಅವಧಿಯಲ್ಲಿ ಬೆಳೆಯುವ ಬಡ್ಡಿ ಇದಕ್ಕೆ ಸೇರಿಲ್ಲ. ಊರಿಗೆ ಮರಳಬೇಕಾಗಿ ಬಂದರೆ ಆ ಕಂತು ಕಟ್ಟಲು ಸಾಧ್ಯವೇ? ಇಲ್ಲವೆಂದಾದರೆ ಆ ಹೆಸರು ಇಲ್ಲಿನ ಎಂ.ಟೆಕ್. ಸೀಟಿನ ಕೆಳಗೆ ಹೋಗಬೇಕು, ಅದು ಎಷ್ಟೇ ದೊಡ್ಡ ಹೆಸರಾದರೂ.

‘ಉಚಿತ ಸಲಹೆ’ ಕೊಡುವ ಏಜೆಂಟರ ಪಟ್ಟಿಯನ್ನು ಓದುವಾಗ ಒಂದು ಎಚ್ಚರ ಬೇಕು. ಅವರ ಆದಾಯ ಬರುವುದು ಹೆಚ್ಚಾಗಿ ವಿದ್ಯಾರ್ಥಿ ಸೇರಿದ ಮೇಲೆ ವಿಶ್ವವಿದ್ಯಾಲಯ ಕೊಡುವ ಕಮಿಷನ್‌ನಿಂದ. ಶುಲ್ಕವನ್ನೇ ಪಡೆಯದ ಸಂಸ್ಥೆಗೆ ಕಮಿಷನ್ ಕೊಡುವ ಪ್ರಮೇಯವೇ ಇರುವುದಿಲ್ಲ. ಜರ್ಮನಿಯ ಹೆಸರಿನಲ್ಲಿ ದುಬಾರಿ ಖಾಸಗಿ ಸಂಸ್ಥೆಗಳೇ ಪಟ್ಟಿಯ ತುಂಬ ಕಂಡರೆ ಕಾರಣ ಊಹಿಸುವುದು ಕಷ್ಟವಲ್ಲ.

ಓದು ಮುಗಿದ ಮೇಲೆ

ಅಮೆರಿಕದಲ್ಲಿ ಪದವಿಯ ನಂತರ 12 ತಿಂಗಳು ಕೆಲಸ ಮಾಡುವ ಅವಕಾಶವಿದೆ. ವಿಜ್ಞಾನ, ತಂತ್ರಜ್ಞಾನದ ‘ಸ್ಟೆಮ್’ ಪಟ್ಟಿಯಲ್ಲಿರುವ ಕೋರ್ಸಾದರೆ ಇನ್ನೂ 24 ತಿಂಗಳು. ಒಂದೇ ವಿಶ್ವವಿದ್ಯಾಲಯದ ಎರಡು ನಿರ್ವಹಣಾ ಕೋರ್ಸುಗಳಲ್ಲಿ ಒಂದು ಈ ಪಟ್ಟಿಯಲ್ಲಿದ್ದು ಇನ್ನೊಂದು ಇಲ್ಲದಿರಬಹುದು, ಆದ್ದರಿಂದ ಕೋರ್ಸಿನ ಸಂಕೇತ ಸಂಖ್ಯೆಯನ್ನೇ ಕೇಳಿ ತಿಳಿಯಬೇಕು. ಅದರಾಚೆ ಉಳಿಯಲು ಬೇಕಾದ ಎಚ್-1ಬಿ ವೀಸಾಗಳ ವಾರ್ಷಿಕ ಮಿತಿ 85,000. ಹೊಸ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕದ ಘೋಷಣೆ 2025ರ ಸೆಪ್ಟೆಂಬರ್‌ನಲ್ಲಿ ಹೊರಬಿತ್ತು. ಜರ್ಮನಿ ಕೆಲಸ ಹುಡುಕಲು 18 ತಿಂಗಳು ಕೊಡುತ್ತದೆ. ಬ್ರಿಟನ್ ಎರಡು ವರ್ಷ ಕೊಡುತ್ತಿದ್ದು, 2027ರ ಜನವರಿ 1ರಿಂದ ಅರ್ಜಿ ಹಾಕುವ ಪದವೀಧರರಿಗೆ ಅದನ್ನು 18 ತಿಂಗಳಿಗೆ ಇಳಿಸಲು ನಿರ್ಧರಿಸಿದೆ. ಈ ನಿಯಮಗಳು ಸರ್ಕಾರ ಬದಲಾದಂತೆ ಬದಲಾಗುತ್ತವೆ. ಎರಡು ವರ್ಷದ ಕೋರ್ಸಿಗೆ ಸೇರುವವರು ಇವತ್ತಿನ ನಿಯಮ ಎರಡು ವರ್ಷದ ಮೇಲೂ ಹಾಗೇ ಇರುತ್ತದೆಂದು ನಂಬಿ ಅಂಕ ಕೊಡಬಾರದು.

ಈಗ ರ‍್ಯಾಂಕಿಂಗ್

ಇಷ್ಟಾದ ಮೇಲೆ ಪಟ್ಟಿಯಲ್ಲಿ ಉಳಿಯುವುದು ನಾಲ್ಕೈದು ಹೆಸರು. ಅವುಗಳ ನಡುವೆ ಸಮಬಲ ಬಂದಾಗ ರ‍್ಯಾಂಕಿಂಗ್ ಉಪಯೋಗಕ್ಕೆ ಬರುತ್ತದೆ. ಆದರೆ ಅದು ಅಳೆಯುವುದೇನು ಎಂಬುದು ಗೊತ್ತಿರಬೇಕು. ಕ್ಯುಎಸ್ ಪಟ್ಟಿಯಲ್ಲಿ ನೂರಕ್ಕೆ 30 ಅಂಕ ಪ್ರಾಧ್ಯಾಪಕರ ಅಭಿಪ್ರಾಯಕ್ಕೆ, 15 ಉದ್ಯೋಗದಾತರ ಅಭಿಪ್ರಾಯಕ್ಕೆ. ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು ಅಂಕ ಹೆಸರು-ಕೀರ್ತಿಯ ಸಮೀಕ್ಷೆಯದು. 2003ರಲ್ಲಿ ಶುರುವಾದ ಶಾಂಘೈ ಪಟ್ಟಿ ನೊಬೆಲ್ ಮತ್ತು ಫೀಲ್ಡ್ಸ್ ಪುರಸ್ಕೃತರನ್ನು, ‘ನೇಚರ್’, ‘ಸೈನ್ಸ್’ ಪತ್ರಿಕೆಗಳ ಪ್ರಬಂಧಗಳನ್ನು ಎಣಿಸುತ್ತದೆ. ತರಗತಿಯಲ್ಲಿ ಪಾಠ ಹೇಗಿದೆ ಎಂಬುದು ಎರಡರಲ್ಲೂ ನೇರವಾಗಿ ಕಾಣುವುದಿಲ್ಲ. ಜರ್ಮನಿಯ ಉನ್ನತ ಸಂಶೋಧನೆಯ ದೊಡ್ಡ ಪಾಲು ನಡೆಯುವುದು ವಿಶ್ವವಿದ್ಯಾಲಯಗಳ ಹೊರಗಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗಳಲ್ಲಿ. ಹಾಗಾಗಿ ಪಕ್ಕದ ವಿಶ್ವವಿದ್ಯಾಲಯದ ಖಾತೆಗೆ ಅದೆಲ್ಲ ಜಮೆಯಾಗುವುದಿಲ್ಲ.

ಲೆಕ್ಕದ ವಿಧಾನ ಬದಲಾದರೆ ಸ್ಥಾನವೂ ಬದಲಾಗುತ್ತದೆ. ಬೆಂಗಳೂರಿನ ಐಐಎಸ್‌ಸಿ ಕ್ಯುಎಸ್‌ನ 2023ರ ಪಟ್ಟಿಯಲ್ಲಿ 155ನೆಯದಾಗಿತ್ತು. ಹೊಸ ವಿಧಾನದ 2024ರ ಪಟ್ಟಿಯಲ್ಲಿ 225ಕ್ಕೆ ಬಂತು. ಮಲ್ಲೇಶ್ವರದ ಆ ಆವರಣದಲ್ಲಿ ಒಂದು ವರ್ಷದಲ್ಲಿ ಎಪ್ಪತ್ತು ಮೆಟ್ಟಿಲು ಇಳಿಯುವಂಥದ್ದೇನೂ ನಡೆದಿರಲಿಲ್ಲ. ವಿಶ್ವವಿದ್ಯಾಲಯಗಳೇ ಕೊಡುವ ಅಂಕಿ-ಅಂಶವನ್ನು ನಂಬಬಹುದೇ ಎಂಬುದು ಇನ್ನೊಂದು ಪ್ರಶ್ನೆ: 2022ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕರೊಬ್ಬರು ತಮ್ಮದೇ ಸಂಸ್ಥೆ ಕೊಟ್ಟ ಅಂಕಿಗಳನ್ನು ಪ್ರಶ್ನಿಸಿದ ಮೇಲೆ, ಯು.ಎಸ್. ನ್ಯೂಸ್ ಪಟ್ಟಿಯಲ್ಲಿ ಅದು 2ನೇ ಸ್ಥಾನದಿಂದ 18ಕ್ಕೆ ಇಳಿಯಿತು. ಹಾಗಾಗಿ ಒಟ್ಟು ಸ್ಥಾನಕ್ಕಿಂತ ವಿಷಯವಾರು ಪಟ್ಟಿ ನೋಡುವುದು ವಾಸಿ. ಮೂವತ್ತು-ನಲವತ್ತು ಸ್ಥಾನದ ಅಂತರವನ್ನು ಸಮವೆಂದೇ ಎಣಿಸಬಹುದು.

ಕೆಲವು ಕಡೆ ಮಾತ್ರ ಈ ಸಂಖ್ಯೆಯೇ ಬಾಗಿಲು ಕಾಯುತ್ತದೆ. ಪರಿಶಿಷ್ಟ ಜಾತಿಯೂ ಸೇರಿದಂತೆ ನಿಗದಿತ ಸಮುದಾಯಗಳ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ಕೊಡುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನಕ್ಕೆ ಕ್ಯುಎಸ್‌ನ ಮೊದಲ 500ರೊಳಗಿನ ಸಂಸ್ಥೆಯಲ್ಲಿ ಪ್ರವೇಶ ಬೇಕು. ನೆದರ್ಲೆಂಡ್ಸ್ ದೇಶ ಕೆಲಸ ಹುಡುಕುವ ಒಂದು ವರ್ಷದ ಪರವಾನಗಿಯನ್ನು ಜಾಗತಿಕ ಪಟ್ಟಿಗಳ ಮೊದಲ 200ರೊಳಗಿನ ವಿಶ್ವವಿದ್ಯಾಲಯಗಳ ಪದವೀಧರರಿಗೂ ಕೊಡುತ್ತದೆ. ಇಂಥ ಯೋಜನೆಯನ್ನು ನೆಚ್ಚಿದವರಿಗೆ ರ‍್ಯಾಂಕಿಂಗ್ ಮೊದಲ ಜರಡಿಯೇ ಆಗುತ್ತದೆ.

ದಿನಾಂಕಗಳು

ಅಂತಿಮ ಕ್ರಮವನ್ನು ಕ್ಯಾಲೆಂಡರ್ ಜೊತೆ ಇಟ್ಟು ನೋಡಬೇಕು. ಗೇಟ್ ಫಲಿತಾಂಶ ಮಾರ್ಚ್‌ನಲ್ಲಿ ಬರುತ್ತದೆ, ಎನ್‌ಐಟಿಗಳ ಎಂ.ಟೆಕ್. ಕೌನ್ಸೆಲಿಂಗ್ ಅದರ ನಂತರದ ಬೇಸಿಗೆಯಲ್ಲಿ. ಜರ್ಮನಿಯ ಚಳಿಗಾಲದ ಸೆಮಿಸ್ಟರ್‌ಗೆ ಎಷ್ಟೋ ಕೋರ್ಸುಗಳ ಕೊನೆಯ ದಿನ ಜುಲೈ 15, ಕೆಲವಕ್ಕೆ ಇನ್ನೂ ಮುಂಚೆ. ಅಂದರೆ ಇಲ್ಲಿ ಸೀಟಿಗೆ ಹಣ ಕಟ್ಟುವ ಹೊತ್ತಿಗೆ ಅಲ್ಲಿನ ಉತ್ತರ ಬಂದಿರದೆ ಇರಬಹುದು. ಜರ್ಮನಿಗೆ ಹೊರಡುವ ಭಾರತೀಯ ವಿದ್ಯಾರ್ಥಿಗಳಿಗೆ, ಶೈಕ್ಷಣಿಕ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ 2022ರ ನವೆಂಬರ್‌ನಿಂದ ಕಡ್ಡಾಯವಾಗಿರುವುದರಿಂದ ಅದನ್ನು ಅಂತಿಮ ಸೆಮಿಸ್ಟರ್‌ನಲ್ಲಿಯೇ ಶುರುಮಾಡುವುದು ಕ್ಷೇಮ. ಬ್ರಿಟನ್ನಿನ ವಿಶ್ವವಿದ್ಯಾಲಯಗಳು ವೀಸಾ ಪತ್ರಕ್ಕೂ ಮೊದಲು ಸಾಮಾನ್ಯವಾಗಿ ಮುಂಗಡ ಕೇಳುತ್ತವೆ. ವೀಸಾ ನಿರಾಕರಣೆಯಾದರೆ ಅದು ಮರಳುತ್ತದೆಯೇ ಎಂಬ ಷರತ್ತನ್ನು ಹಣ ಕಟ್ಟುವ ಮುನ್ನವೇ ಓದಬೇಕು. ವೀಸಾ ಕೈಸೇರುವವರೆಗೆ ಇಲ್ಲಿನ ಸೀಟು ಬಿಡುವುದು ಬೇಡ. ಇಲ್ಲಿನ ಸಂಸ್ಥೆಯ ಶುಲ್ಕ ಹಿಂದಿರುಗಿಸುವ ನಿಯಮದಲ್ಲಿ ಯಾವ ದಿನದವರೆಗೆ ಎಷ್ಟು ಕಡಿತ ಎಂಬುದನ್ನು ಪಟ್ಟಿಯ ಪಕ್ಕದಲ್ಲೇ ಬರೆದಿಟ್ಟುಕೊಳ್ಳಬೇಕು. ಯುಜಿಸಿ ವ್ಯಾಪ್ತಿಯ ಸಂಸ್ಥೆಗಳು ಮೂಲ ಅಂಕಪಟ್ಟಿಗಳನ್ನು ತಮ್ಮಲ್ಲಿ ಇರಿಸಿಕೊಳ್ಳುವಂತಿಲ್ಲ ಎಂಬ ಸೂಚನೆ 2018ರಲ್ಲೇ ಹೊರಟಿದೆ. ಹಾಗಾಗಿ ಪ್ರವೇಶದ ದಿನ ಮೂಲ ಪ್ರತಿಗಳನ್ನು ತೋರಿಸಿ, ನಕಲು ಪ್ರತಿ ಕೊಟ್ಟು, ಮೂಲವನ್ನು ಅಂದೇ ವಾಪಸು ತರಬೇಕು.