ಮಗಳ ಬಾಣಂತನಕ್ಕೆ ದುಬೈಗೆ ಹೊರಟಿದ್ದೀರಾ? ಮೊದಲು ಇದನ್ನು ಓದಿ



ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ. ಈಗ ಸುಮಾರು ನಾಲ್ಕು ಗಂಟೆಯ ಪ್ರಯಾಣ. ಹಾಗಾಗಿ ನಮ್ಮ ಸಂಘಗಳ ಸದಸ್ಯೆಯರೂ ಮಗಳ ಬಾಣಂತನಕ್ಕೆ, ಮೊಮ್ಮಕ್ಕಳನ್ನು ನೋಡಲಿಕ್ಕೆ, ಬೇಸಿಗೆ ರಜೆಯಲ್ಲಿ ಗಂಡನ ಜೊತೆ ಇರಲಿಕ್ಕೆ ಅಂತ ಹೋಗಿ ಬರುತ್ತಾರೆ. ಇದು ಸಂತೋಷದ ವಿಷಯ. ಆದರೆ ಅಲ್ಲಿನ ಕಾನೂನು ಬೇರೆ. ನಮ್ಮ ಅಡುಗೆಮನೆಯ ಡಬ್ಬದಲ್ಲಿರುವ ವಸ್ತು ಅಲ್ಲಿ ಅಪರಾಧವಾಗಬಹುದು. "ನನಗೆ ಗೊತ್ತಿರಲಿಲ್ಲ" ಅಂದರೆ ನಡೆಯುವುದಿಲ್ಲ. ಬ್ಯಾಗಿನಲ್ಲಿ ಏನಿದೆಯೋ ಅದಕ್ಕೆ ಬ್ಯಾಗು ಹಿಡಿದವಳೇ ಹೊಣೆ. ಈ ಪಾಠದಲ್ಲಿ ಮುಖ್ಯವಾಗಿ ನೆನಪಿಡಬೇಕಾದ ಮಾತು ಇದೇ.

1. ಕಾಗದಪತ್ರಗಳು

ಪಾಸ್‌ಪೋರ್ಟ್ ಅವಧಿ ಮುಗಿಯಲು ಕನಿಷ್ಠ ಆರು ತಿಂಗಳಾದರೂ ಬಾಕಿ ಇರಬೇಕು. ಪಾಸ್‌ಪೋರ್ಟ್, ವೀಸಾ, ಟಿಕೆಟ್ ಮೂರರಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ಅಕ್ಷರ ಅಕ್ಷರ ನೋಡಿ. ವಾಪಸ್ ಟಿಕೆಟ್, ಮಗಳ ಮನೆಯ ವಿಳಾಸ ಮತ್ತು ಫೋನ್ ನಂಬರನ್ನು ಕಾಗದದಲ್ಲಿ ಬರೆದು ಕೈಚೀಲದಲ್ಲಿ ಇಡಿ. ಮೊಬೈಲ್ ಚಾರ್ಜ್ ಮುಗಿದರೂ ಕಾಗದ ಇರುತ್ತದೆ. ಎಲ್ಲದರ ಜೆರಾಕ್ಸ್ ಒಂದು ಪ್ರತಿ ಮನೆಯಲ್ಲಿ ಇಟ್ಟು ಹೋಗಿ. ಮಂಡಿನೋವು ಇರುವವರು ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಬೇಕು ಅಂತ ಹೇಳಿಸಿ. ನಾಚಿಕೆ ಬೇಡ.

2. ಅಡುಗೆಮನೆಯಿಂದ ಏನು ಒಯ್ಯಬಾರದು?

ಮೊದಲನೆಯದು ಗಸಗಸೆ. ಬಾಣಂತಿಗೆ ಪಾಯಸ ಮಾಡಲಿಕ್ಕೆ ಅಂತ ಒಂದು ಹಿಡಿ ಕಟ್ಟಿಕೊಂಡು ಹೋಗುವ ಅಭ್ಯಾಸ ನಮ್ಮಲ್ಲಿದೆ. ಗಸಗಸೆ ಬರುವುದು ಅಫೀಮಿನ ಗಿಡದಿಂದ. ಅದಕ್ಕೇ ದುಬೈ, ಸೌದಿ, ಕತಾರ್ ಮುಂತಾದ ಕಡೆ ಇದಕ್ಕೆ ನಿಷೇಧವಿದೆ. ಸಿಕ್ಕಿಬಿದ್ದರೆ ಜೈಲು ಆಗಬಹುದು. ಮಸಾಲೆ ಪುಡಿಗೆ ಗಸಗಸೆ ಹಾಕಿ ಹುರಿದಿದ್ದರೆ ಅದನ್ನೂ ಮನೆಯಲ್ಲೇ ಬಿಡಿ. ವೀಳ್ಯದೆಲೆ ಮತ್ತು ಪಾನ್‌ಗೂ ದುಬೈಯಲ್ಲಿ ನಿಷೇಧವಿದೆ. ಎಲೆ-ಅಡಿಕೆ ಹಾಕುವ ಅಭ್ಯಾಸ ಇರುವವರು ಇದನ್ನು ಗಮನಿಸಿ.

ಒಣಕೊಬ್ಬರಿಯನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ. ಅದರಲ್ಲಿ ಎಣ್ಣೆ ಹೆಚ್ಚು, ತಾನಾಗಿ ಬಿಸಿಯಾಗಿ ಬೆಂಕಿ ಹತ್ತಬಹುದು ಅಂತ ಕಾರಣ. ತುಪ್ಪ, ಉಪ್ಪಿನಕಾಯಿ, ತೆಂಗಿನೆಣ್ಣೆ, ಲೇಹ್ಯಗಳನ್ನು ಕೈಚೀಲದಲ್ಲಿ ಇಡಬೇಡಿ. ಅಲ್ಲಿ 100 ಮಿಲಿಗಿಂತ ದೊಡ್ಡ ಬಾಟಲಿ ಬಿಡುವುದಿಲ್ಲ. ಚೆನ್ನಾಗಿ ಮುಚ್ಚಿ, ಪ್ಲಾಸ್ಟಿಕ್ ಸುತ್ತಿ ದೊಡ್ಡ ಪೆಟ್ಟಿಗೆಗೆ ಹಾಕಿ. ಚೂರಿ, ಕತ್ತರಿ ಕೂಡ ಪೆಟ್ಟಿಗೆಗೇ. ಮೊಬೈಲಿನ ಪವರ್ ಬ್ಯಾಂಕ್ ಮಾತ್ರ ಪೆಟ್ಟಿಗೆಗೆ ಹಾಕಲೇಬಾರದು, ಅದು ಕೈಚೀಲದಲ್ಲಿರಬೇಕು.

3. ಔಷಧಿಗಳು

ಬಿಪಿ, ಶುಗರ್ ಮಾತ್ರೆಗಳನ್ನು ಬಿಡಿಬಿಡಿಯಾಗಿ ಡಬ್ಬಕ್ಕೆ ಹಾಕಿ ಒಯ್ಯಬೇಡಿ. ಮೆಡಿಕಲ್‌ನವರು ಕೊಟ್ಟ ಪ್ಯಾಕೆಟ್‌ನಲ್ಲೇ ಇರಲಿ, ಜೊತೆಗೆ ಡಾಕ್ಟರ ಚೀಟಿ ಇರಲಿ. ಅದರಲ್ಲಿ ನಿಮ್ಮ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ ಇರಬೇಕು.

ನೋವಿನ, ನಿದ್ದೆಯ ಮತ್ತು ಕೆಮ್ಮಿನ ಔಷಧಿಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್, ಅಲ್ಪ್ರಜೋಲಮ್, ಡಯಾಜೆಪಾಮ್, ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್ ಇವೆಲ್ಲ ಅಲ್ಲಿ ನಿಯಂತ್ರಿತ ಔಷಧಿಗಳು. ಒಯ್ಯುವ ಮೊದಲೇ ಅಲ್ಲಿನ ಆರೋಗ್ಯ ಇಲಾಖೆಯ ಅನುಮತಿ ಪಡೆಯಬೇಕು. ಮಾತ್ರೆಗಳ ಹೆಸರು ಓದಲು ಬಾರದಿದ್ದರೆ ಎಲ್ಲವನ್ನೂ ನಿಮ್ಮ ಡಾಕ್ಟರಿಗೆ ತೋರಿಸಿ, "ನಾನು ದುಬೈಗೆ ಹೋಗ್ತಾ ಇದ್ದೇನೆ, ಇದರಲ್ಲಿ ತೊಂದರೆಯದ್ದು ಉಂಟಾ?" ಅಂತ ಕೇಳಿ.

4. ಬೇರೆಯವರ ಪೊಟ್ಟಣ

ನೀವು ಹೊರಟ ಸುದ್ದಿ ತಿಳಿದರೆ ಯಾರಾದರೂ ಬಂದೇ ಬರುತ್ತಾರೆ. "ಅಕ್ಕಾ, ಸಣ್ಣ ಪೊಟ್ಟಣ ಮಾತ್ರ. ನನ್ನ ಮಗ ಏರ್‌ಪೋರ್ಟಿಗೇ ಬಂದು ತಗೊಳ್ತಾನೆ." ದಾಕ್ಷಿಣ್ಯಕ್ಕೆ ಹೂಂ ಅನ್ನಬೇಡಿ. ಒಳಗೆ ಮಾದಕ ವಸ್ತು ಇದ್ದರೆ ಹಿಡಿಯುವುದು ಕೊಟ್ಟವರನ್ನಲ್ಲ, ನಿಮ್ಮನ್ನು. ಗುರುತು ಇಲ್ಲದವರದ್ದು ಬೇಡವೇ ಬೇಡ. ತೀರಾ ಹತ್ತಿರದವರದ್ದಾದರೆ ಅವರ ಎದುರೇ ಬಿಚ್ಚಿ ನೋಡಿ, ನೀವೇ ಕಟ್ಟಿ. "ಬಿಚ್ಚಬೇಡಿ, ಚೆನ್ನಾಗಿ ಪ್ಯಾಕ್ ಮಾಡಿದ್ದೇವೆ" ಅಂದರೆ ಅದನ್ನು ಅಲ್ಲೇ ವಾಪಸ್ ಕೊಡಿ. ಬೇಸರ ಎರಡು ದಿನದ್ದು, ಜೈಲು ವರ್ಷಗಟ್ಟಲೆಯದ್ದು. ವಾಪಸ್ ಬರುವಾಗ ಯಾರಾದರೂ ಬಂಗಾರ ಕೊಟ್ಟರೂ ಇದೇ ಉತ್ತರ.

5. ನಮ್ಮ ಬಂಗಾರ, ನಮ್ಮ ಹಣ

ಹೆಚ್ಚು ಬಂಗಾರ ಹಾಕಿಕೊಂಡು ಹೋಗಬೇಡಿ. ಒಯ್ಯಲೇಬೇಕಾದರೆ ಹೊರಡುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರಿಗೆ ತೋರಿಸಿ ಪ್ರಮಾಣಪತ್ರ ಪಡೆಯಿರಿ. ಆಗ ಬರುವಾಗ "ಇದು ಅಲ್ಲಿ ಕೊಂಡದ್ದು" ಎಂಬ ಮಾತು ಬರುವುದಿಲ್ಲ. 40 ಗ್ರಾಂವರೆಗಿನ ಆಭರಣಕ್ಕೆ ಸುಂಕ ಇಲ್ಲ ಎಂಬುದು ಒಂದು ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿದ್ದ ಹೆಂಗಸರಿಗೆ ಮಾತ್ರ. ಎರಡು ತಿಂಗಳಿಗೆ ಹೋಗಿ ಬಂದವರಿಗೆ ಆ ರಿಯಾಯಿತಿ ಇಲ್ಲ. ಭಾರತದ ರೂಪಾಯಿ 25,000ದವರೆಗೆ ಮಾತ್ರ ಜೊತೆಯಲ್ಲಿ ಒಯ್ಯಬಹುದು.

6. ಅಲ್ಲಿ ಇರುವಾಗ

ವೀಸಾ ಮುಗಿಯುವ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಮುಗಿದ ಮೇಲೆ ಉಳಿದರೆ ದಿನಕ್ಕೆ 50 ದಿರ್ಹಮ್ ದಂಡ. ಅಪರಿಚಿತರ, ಅದರಲ್ಲೂ ಹೆಂಗಸರ ಫೋಟೋ ತೆಗೆಯಬೇಡಿ. ಮೆಟ್ರೋ ರೈಲಿನಲ್ಲಿ ತಿನ್ನುವುದು, ಕುಡಿಯುವುದು ನಿಷೇಧ. ಹೆಂಗಸರು ಮಕ್ಕಳಿಗೆ ಪ್ರತ್ಯೇಕ ಡಬ್ಬಿ ಇದೆ. ಆಸ್ಪತ್ರೆ ಖರ್ಚು ಬಹಳ ದುಬಾರಿ, ಆದ್ದರಿಂದ ಪ್ರಯಾಣದ ವಿಮೆ ಮಾಡಿಸಿಯೇ ಹೋಗಿ. ಪೊಲೀಸರಿಗೆ 999, ಆಂಬುಲೆನ್ಸಿಗೆ 998. ಭಾರತೀಯರಿಗೆ ಸಹಾಯ ಮಾಡಲು ನಮ್ಮ ಸರ್ಕಾರದ ಕೇಂದ್ರಕ್ಕೆ ಅಲ್ಲಿಂದ ಉಚಿತ ಕರೆ 800 46342.

7. ನೋಡಲು ಹೋಗುವ ವೀಸಾದಲ್ಲಿ ಕೆಲಸ ಬೇಡ

"ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಮನೆಕೆಲಸ ಕೊಡಿಸ್ತೇವೆ, ಆಮೇಲೆ ವೀಸಾ ಬದಲಿಸ್ತೇವೆ" ಅನ್ನುವ ಏಜೆಂಟರು ಊರೂರಲ್ಲಿ ಇದ್ದಾರೆ. ವಿಸಿಟ್ ವೀಸಾದಲ್ಲಿ ದುಡಿದರೆ ಅದು ಅಪರಾಧ. ಸಂಬಳ ಕೊಡದಿದ್ದರೆ, ಪಾಸ್‌ಪೋರ್ಟ್ ಕಿತ್ತುಕೊಂಡರೆ ತೋರಿಸಲು ಕೈಯಲ್ಲಿ ಕರಾರು ಪತ್ರವೂ ಇರುವುದಿಲ್ಲ. ಕೆಲಸಕ್ಕೇ ಹೋಗುವುದಾದರೆ ಕೆಲಸದ ವೀಸಾ ಬೇಕು, ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿದ ಏಜೆನ್ಸಿಯ ಮೂಲಕವೇ ಹೋಗಬೇಕು. ಇ-ಮೈಗ್ರೇಟ್ ಎಂಬ ಸರ್ಕಾರಿ ತಾಣದಲ್ಲಿ ಏಜೆನ್ಸಿಯ ಹೆಸರು ಇದೆಯೇ ಅಂತ ಓದಿದ ಮಕ್ಕಳಿಂದ ನೋಡಿಸಿ.

8. ಹೊರಡುವ ಮುಂಚೆ ಸಂಘದ ಕೆಲಸ

ಎರಡು ಮೂರು ತಿಂಗಳು ಊರಲ್ಲಿ ಇರುವುದಿಲ್ಲ ಅಂತ ಸಭೆಯಲ್ಲಿ ತಿಳಿಸಿ. ಉಳಿತಾಯ ಮತ್ತು ಸಾಲದ ಕಂತನ್ನು ಮುಂಗಡ ಕಟ್ಟಿ, ಇಲ್ಲವೇ ಮನೆಯಲ್ಲಿ ಯಾರು ಕಟ್ಟುತ್ತಾರೆ ಅಂತ ಹೇಳಿ. ನೀವು ಬ್ಯಾಂಕಿಗೆ ಸಹಿ ಹಾಕುವ ಪ್ರತಿನಿಧಿಯಾಗಿದ್ದರೆ ನಿರ್ಣಯ ಬರೆದು, ಸಹಿ ಬದಲಾಯಿಸಿಯೇ ಹೋಗಿ. ನಿಮ್ಮೊಬ್ಬರ ಸಹಿ ಇಲ್ಲದೆ ಇನ್ನೊಬ್ಬ ಸದಸ್ಯೆಗೆ ಮಗುವಿನ ಶಾಲೆ ಫೀಸಿಗೆ ಸಾಲ ಸಿಗದೆ ಹೋಗಬಾರದಲ್ಲವೇ?

ಸಭೆಯಲ್ಲಿ ಚರ್ಚಿಸಿ

- ನಮ್ಮ ಸಂಘದಿಂದ ಹೊರದೇಶಕ್ಕೆ ಹೋಗಿ ಬಂದವರು ಯಾರು? ಅವರ ಅನುಭವ ಕೇಳೋಣ.
- ಪೊಟ್ಟಣ ಕೊಡಲು ಬಂದವರಿಗೆ ಮನಸ್ಸು ನೋಯದ ಹಾಗೆ ಬೇಡ ಅನ್ನುವುದು ಹೇಗೆ? ಇಬ್ಬರು ಸದಸ್ಯೆಯರು ಅಭಿನಯಿಸಿ ತೋರಿಸಲಿ.
- ನಮ್ಮ ಊರಿನಲ್ಲಿ ವಿಸಿಟ್ ವೀಸಾದಲ್ಲಿ ಕೆಲಸ ಕೊಡಿಸುವ ಏಜೆಂಟರು ಬಂದರೆ ಸಂಘವಾಗಿ ನಾವು ಏನು ಮಾಡಬಹುದು?