ಗಾರೆ ಕೆಲಸದವರ ನಿದ್ದೆ, ಚಿಂತೆ ಮತ್ತು ಸುರಕ್ಷತೆ

ಕಟ್ಟಡ ಕೆಲಸಕ್ಕೆ ಹೋಗುವವರು ಮನೆಯಲ್ಲಿದ್ದರೆ ಅವರ ಸೊಂಟನೋವು, ಸಿಮೆಂಟಿನಿಂದ ಬಿರಿದ ಅಂಗೈ, ಧೂಳಿನ ಕೆಮ್ಮು ನಿಮಗೆ ಗೊತ್ತೇ ಇರುತ್ತದೆ. ಎಣ್ಣೆ ತಿಕ್ಕುತ್ತೀರಿ, ಬಿಸಿನೀರು ಕಾಯಿಸಿಕೊಡುತ್ತೀರಿ. ಆದರೆ ಕಳೆದ ವಾರ ಅವರು ರಾತ್ರಿ ಎಷ್ಟು ಗಂಟೆ ನಿದ್ದೆ ಮಾಡಿದರು ಎಂದು ಕೇಳಿದರೆ ಹೆಚ್ಚಿನ ಮನೆಗಳಲ್ಲಿ ಉತ್ತರವಿರುವುದಿಲ್ಲ. ಗಾರೆಯವರು, ಸೆಂಟ್ರಿಂಗ್‌ನವರು, ಕಂಬಿ ಕಟ್ಟುವವರು, ಪೇಂಟರ್‌ಗಳು ದವಾಖಾನೆಗೆ ಬಂದಾಗ ನಾನು ಮೊದಲು ಕೇಳುವುದು ಇದನ್ನೇ. ಮೂರನೇ ಮಹಡಿಯ ಸಾರುವೆಯ ಮೇಲೆ ನಿಂತವನಿಗೆ ಹೆಲ್ಮೆಟ್ ಎಷ್ಟು ಮುಖ್ಯವೋ ನಿದ್ದೆಯೂ ಅಷ್ಟೇ ಮುಖ್ಯ.

ಯುನಾನಿ ವೈದ್ಯಶಾಸ್ತ್ರದಲ್ಲಿ ಅಸ್ಬಾಬೆ ಸಿತ್ತಾ ಝರೂರಿಯಾ ಎಂಬುದೊಂದಿದೆ. ಆರೋಗ್ಯ ಉಳಿಯಲು ಅನಿವಾರ್ಯವಾದ ಆರು ಸಂಗತಿಗಳು: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ಮಲಮೂತ್ರ ಬೆವರುಗಳ ವಿಸರ್ಜನೆ ಮತ್ತು ತಡೆ. ಕಟ್ಟಡ ಕಾರ್ಮಿಕನ ದಿನವನ್ನು ಈ ಆರರ ಎದುರು ಇಟ್ಟು ನೋಡಿ. ಗಾಳಿಯಲ್ಲಿ ಧೂಳು, ಊಟಕ್ಕೆ ಹೊತ್ತಿಲ್ಲ, ದೇಹಕ್ಕೆ ದುಡಿಮೆಯೇ ಹೊರತು ವಿಶ್ರಾಂತಿ ಇಲ್ಲ. ನಾಲ್ಕನೆಯದನ್ನಂತೂ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ವಾರದ ಸಾಲದ ಕಂತು, ಕಂಟ್ರಾಕ್ಟರ್ ಉಳಿಸಿಕೊಂಡ ಬಟವಾಡೆ, ಮಗಳ ಮದುವೆ, ಮಳೆಗಾಲದಲ್ಲಿ ಕೆಲಸ ನಿಲ್ಲುವ ಭಯ, ಇವೆಲ್ಲ ತಲೆಯೊಳಗೆ ಓಡುತ್ತಿರುವಾಗ ಮನಸ್ಸಿಗೆ ವಿಶ್ರಾಂತಿ ಎಲ್ಲಿಂದ ಬರಬೇಕು?

ಇಂಥವರು ಬಂದು ‘ನನಗೆ ಮನಸ್ಸು ಸರಿಯಿಲ್ಲ ಹಕೀಮ್ ಸಾಬ್’ ಎನ್ನುವುದಿಲ್ಲ. ಗ್ಯಾಸ್ ಎನ್ನುತ್ತಾರೆ, ಎದೆ ಭಾರ ಎನ್ನುತ್ತಾರೆ, ತಲೆ ಸುತ್ತು, ಕೈ ನಡುಕ, ಮೈಯೆಲ್ಲ ಉರಿ ಎನ್ನುತ್ತಾರೆ. ಮನೆಯವರು ಬೇರೆಯದನ್ನು ನೋಡಿರುತ್ತಾರೆ: ಸಣ್ಣ ಮಾತಿಗೆ ಸಿಟ್ಟು, ಮಕ್ಕಳ ಜೊತೆ ಮಾತು ಕಡಿಮೆ, ಗುಟ್ಕಾ ಬೀಡಿ ಜಾಸ್ತಿ, ಜುಮಾಗೂ ಹೊರಡದೆ ಗೋಡೆಗೆ ಮುಖ ಮಾಡಿ ಮಲಗುವುದು. ಎದೆಭಾರಕ್ಕೆ ಮೊದಲು ಹೃದಯದ ಪರೀಕ್ಷೆ ಆಗಲೇಬೇಕು. ಅದರಲ್ಲಿ ಏನೂ ಸಿಗದೆ, ಈ ಲಕ್ಷಣಗಳು ಎರಡು ವಾರ ಮೀರಿ ಉಳಿದರೆ ಮನೋವೈದ್ಯರ ಬಳಿ ಹೋಗುವ ಸಮಯ ಬಂದಿದೆ. ‘ನಝರ್ ಆಗಿದೆ’ ಎಂದು ತಾಯಿತಕ್ಕೆ ಅಲೆದು ತಿಂಗಳುಗಟ್ಟಲೆ ಕಳೆಯುವವರಿದ್ದಾರೆ. ದುಆ ಮಾಡಿ, ಯಾರೂ ಬೇಡ ಎನ್ನುವುದಿಲ್ಲ. ಚಿಕಿತ್ಸೆಯನ್ನು ಮುಂದೂಡಬೇಡಿ.

ಮನಸ್ಸಿನ ಕಾಯಿಲೆಯನ್ನು ಈಮಾನ್‌ನ ಕೊರತೆ ಎಂದು ಹೇಳುವುದು ನಮ್ಮ ವೈದ್ಯರ ಪರಂಪರೆಯಲ್ಲ. ಕ್ರಿ.ಶ. 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್‌ಬಲ್ಖೀ ದೇಹ ಮತ್ತು ಮನಸ್ಸು ಎರಡರ ಆರೋಗ್ಯಕ್ಕೂ ಸೇರಿಸಿ ‘ಮಸಾಲಿಹುಲ್ ಅಬ್ದಾನ್ ವಲ್ ಅನ್ಫುಸ್’ ಎಂಬ ಗ್ರಂಥ ಬರೆದರು. ಕಾರಣ ಗೊತ್ತಿರುವ ದುಃಖ ಬೇರೆ, ಕಾರಣವೇ ಕಾಣದ ದುಃಖ ಬೇರೆ ಎಂದು ವಿಂಗಡಿಸಿದರು. ಮನಸ್ಸು ಶಾಂತವಾಗಿದ್ದಾಗಲೇ ಒಳ್ಳೆಯ ಯೋಚನೆಗಳನ್ನು ಕೂಡಿಟ್ಟುಕೊಳ್ಳಬೇಕು, ಮನೆಯಲ್ಲಿ ಔಷಧಿ ಇಟ್ಟುಕೊಂಡ ಹಾಗೆ, ಎಂದು ಸಲಹೆ ಕೊಟ್ಟರು. ಇಬ್ನು ಸೀನಾ ‘ಕಾನೂನ್’ನಲ್ಲಿ ಮಾಲೀಖೂಲಿಯಾವನ್ನು ರೋಗಗಳ ಸಾಲಿನಲ್ಲೇ ವಿವರಿಸಿದ್ದಾರೆ.

ಈಗ ಅಪಘಾತದ ಮಾತು. ನಿದ್ದೆಗೆಟ್ಟವನ ಕಣ್ಣು ಹಲಗೆಯ ಮೇಲಿದ್ದರೂ ಗಮನ ಬೇರೆಲ್ಲೋ ಇರುತ್ತದೆ. ಲಿಫ್ಟ್‌ಗೆಂದು ಬಿಟ್ಟ ತೆರೆದ ಗುಂಡಿ, ಸಿಪ್ಪೆ ಕಿತ್ತ ವಿದ್ಯುತ್ ವೈರ್, ಮೊಳೆ ಸಡಿಲವಾದ ಹಲಗೆ ಕಾಣದೇ ಹೋಗುತ್ತವೆ. ಸೇಫ್ಟಿ ಬೆಲ್ಟ್ ಸೊಂಟಕ್ಕೆ ಕಟ್ಟಿಕೊಂಡು ಅದರ ಕೊಕ್ಕೆಯನ್ನು ಎಲ್ಲಿಗೂ ಸಿಕ್ಕಿಸದೆ ಕೆಲಸ ಮಾಡುವವರನ್ನು ನೀವೂ ನೋಡಿರಬಹುದು. ಅದು ಇದ್ದೂ ಇಲ್ಲದಂತೆ. ಕೊಕ್ಕೆ ತಲೆಗಿಂತ ಮೇಲೆ, ಗಟ್ಟಿಯಾದದ್ದಕ್ಕೆ ಸಿಕ್ಕಿಸಿರಬೇಕು. ಹೆಲ್ಮೆಟ್‌ನ ಪಟ್ಟಿ ಗದ್ದಕ್ಕೆ ಬಿಗಿದಿರಬೇಕು. ‘ಅಲ್ಲಾಹನ ಮೇಲೆ ಭರವಸೆ ಇದೆ, ಬೆಲ್ಟ್ ಯಾಕೆ’ ಎನ್ನುವವರಿಗೆ ತಿರ್ಮಿದಿಯಲ್ಲಿರುವ ಒಂಟೆಯ ಹದೀಸ್ ನೆನಪಿಸಿ. ಒಂಟೆಯನ್ನು ಕಟ್ಟಲೋ, ಬಿಟ್ಟು ಭರವಸೆ ಇಡಲೋ ಎಂದು ಕೇಳಿದವರಿಗೆ ಪ್ರವಾದಿಯವರು(ಸ) ಕಟ್ಟಿದ ಮೇಲೆ ಭರವಸೆ ಇಡಲು ಹೇಳಿದರು.

ಜೊತೆಗಾರ ಬಿದ್ದದ್ದನ್ನು ಕಣ್ಣಾರೆ ಕಂಡವರ ಕಡೆಗೂ ಗಮನವಿರಲಿ. ಮೈಮೇಲೆ ಗಾಯವಿಲ್ಲದ್ದರಿಂದ ಮರುದಿನವೇ ಅವರನ್ನು ಅದೇ ಮಹಡಿಗೆ ಹತ್ತಿಸುತ್ತಾರೆ. ಕನಸಿನಲ್ಲಿ ಅದೇ ದೃಶ್ಯ, ಎತ್ತರ ಕಂಡರೆ ಬೆವರು, ಸದ್ದಿಗೆ ಬೆಚ್ಚುವುದು ಇದ್ದರೆ ಕೆಲವು ಕಾಲ ನೆಲದ ಕೆಲಸ ಕೊಡಲು ಮೇಸ್ತ್ರಿಗೆ ಹೇಳಿ. ಮೇಸ್ತ್ರಿಗಳೂ ಈ ಪತ್ರಿಕೆ ಓದುತ್ತೀರಿ, ನಿಮಗೂ ಈ ಮಾತು. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ ವಚನ ನಿಮ್ಮ ಬಾಯಲ್ಲೇ ಎಷ್ಟೋ ಸಲ ಕೇಳಿದ್ದೇವೆ. ಶನಿವಾರದ ಬಟವಾಡೆ ಶನಿವಾರವೇ ಕೈಗೆ ಬಂದರೆ ಅರ್ಧ ನಿದ್ದೆ ತಾನಾಗಿಯೇ ಮರಳುತ್ತದೆ.

ಬೇಸಿಗೆಯ ರಮಝಾನ್‌ನಲ್ಲಿ ಸಹ್ರಿಗೆ ಎದ್ದು, ಹಗಲಿಡೀ ಬಿಸಿಲಲ್ಲಿ ದುಡಿದು, ತರಾವೀಹ್ ಮುಗಿಸಿ ಮಲಗುವವರಿಗೆ ನಿದ್ದೆ ಇನ್ನೂ ಕಡಿಮೆ. ಎತ್ತರದ ಕೆಲಸ, ಕಟ್ಟರ್ ಕೆಲಸ ಬೆಳಗಿನ ಹೊತ್ತಿಗಿರಲಿ. ಇಫ್ತಾರ್‌ನಿಂದ ಸಹ್ರಿಯವರೆಗೆ ನೀರನ್ನು ಹಂಚಿ ಕುಡಿಯಿರಿ. ಮಾತು ತೊದಲಿದರೆ, ಗೊಂದಲವಾದರೆ ಅದು ಬಿಸಿಲ ಹೊಡೆತ. ತಕ್ಷಣ ನೆರಳಿಗೆ ತಂದು ಮೈಗೆ ನೀರು ಸುರಿದು ಆಸ್ಪತ್ರೆಗೆ ಸಾಗಿಸಬೇಕು. ಜೀವಕ್ಕೆ ಅಪಾಯವಿದ್ದಾಗ ಉಪವಾಸದ ರಿಯಾಯಿತಿ ಏನೆಂದು ನಿಮ್ಮ ಉಸ್ತಾದರು ಹೇಳುತ್ತಾರೆ, ಮೊದಲೇ ಕೇಳಿಟ್ಟುಕೊಳ್ಳಿ. ಗಲ್ಫ್‌ನಲ್ಲಿರುವ ನಿಮ್ಮವರಿಗೂ ತಿಳಿಸಿ: ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ.

ಔಷಧಿಯ ಬಗ್ಗೆ ಒಂದು ಎಚ್ಚರಿಕೆ. ಖಮೀರಾ ಗಾವ್‌ಝಬಾನ್ ತಂದುಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಕೆಲವರು ನಂಬಿದ್ದಾರೆ. ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ, ತೀವ್ರ ಖಿನ್ನತೆಗೆ ಅದೊಂದೇ ಸಾಲದು. ಮನೋವೈದ್ಯರು ಕೊಟ್ಟ ಮಾತ್ರೆಯನ್ನು ನಮ್ಮ ಔಷಧಿಗಾಗಿ ನಿಲ್ಲಿಸಬೇಡಿ. ಅವರಿಗೆ ‘ನಾನು ಎತ್ತರದಲ್ಲಿ ಕೆಲಸ ಮಾಡುವವನು’ ಎಂದು ತಪ್ಪದೆ ತಿಳಿಸಿ. ಕೆಲವು ಮಾತ್ರೆಗಳು ಮೊದಲ ದಿನಗಳಲ್ಲಿ ಮಂಪರು ತರುತ್ತವೆ. ಮೆಡಿಕಲ್ ಅಂಗಡಿಯಲ್ಲಿ ನೀವಾಗಿಯೇ ನಿದ್ದೆಮಾತ್ರೆ ಕೊಳ್ಳುವುದಂತೂ ಬೇಡವೇ ಬೇಡ.

‘ನಾನಿಲ್ಲದಿದ್ದರೆ ನಿಮಗೆ ಭಾರ ಇಳಿಯುತ್ತದೆ’ ಎಂಬ ಮಾತು ಮನೆಯಲ್ಲಿ ಕೇಳಿಬಂದರೆ ಹರಾಮ್ ಎಂದು ಗದರಿ ಬಾಯಿ ಮುಚ್ಚಿಸಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ಪಕ್ಕ ಕೂತು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ.

ಇನ್ನು ಕಾರ್ಮಿಕ ಕಾರ್ಡ್. 18ರಿಂದ 60 ವರ್ಷದೊಳಗಿನ, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಅಪಘಾತಕ್ಕೆ, ಚಿಕಿತ್ಸೆಗೆ, ಮಕ್ಕಳ ಓದಿಗೆ ನೆರವು ಇದರಿಂದಲೇ ಸಿಗುವುದು. ಕಾರ್ಡ್ ಮಾಡಿಸಿ ಸುಮ್ಮನಿದ್ದು ನವೀಕರಣ ಮರೆತವರು ಬಹಳ. ಇವತ್ತೇ ಅವರ ಕಾರ್ಡ್ ತೆಗೆದು ಅವಧಿ ಯಾವಾಗ ಮುಗಿಯುತ್ತದೆ ನೋಡಿ.