ಲೆಕ್ಕದ ಕಡತಕ್ಕೆ ಬೀಗ ಹಾಕುವ ‘ವನ್ನಾಕ್ರೈ’



ಅಡಿಕೆ ಈಡಿನ ಸಾಲ, ಕಾಫಿ ದಾಸ್ತಾನು, ಷೇರು ಹಣ, ನಮ್ಮ ಸಂಘದ ಲೆಕ್ಕವೆಲ್ಲ ಈಗ ಕಂಪ್ಯೂಟರಿನಲ್ಲಿದೆ. ಆ ಲೆಕ್ಕಕ್ಕೆ ಯಾರೋ ದೂರದವನು ಬೀಗ ಹಾಕಿ, ಕೀಲಿಗೆ ಹಣ ಕೇಳಿದರೆ? ಹೀಗೆ ಮಾಡುವ ಪ್ರೋಗ್ರಾಮುಗಳಿಗೆ ರಾನ್ಸಮ್‌ವೇರ್ ಎಂದು ಹೆಸರು. ‘ವನ್ನಾಕ್ರೈ’ ಅವುಗಳಲ್ಲೊಂದು.

2017ರ ಮೇ 12, ಶುಕ್ರವಾರ ಇದು ಕಾಣಿಸಿಕೊಂಡಿತು. ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಮಿಕ್ಕಿದ ಕಂಪ್ಯೂಟರುಗಳು ಸಿಕ್ಕಿಬಿದ್ದವು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ತಪಾಸಣೆ, ಶಸ್ತ್ರಚಿಕಿತ್ಸೆಗಳು ರದ್ದಾದವು. ಯಾರೂ ಯಾವ ಪತ್ರವನ್ನೂ ತೆರೆಯಬೇಕಾಗಿರಲಿಲ್ಲ. ವಿಂಡೋಸ್‌ನಲ್ಲಿ ಯಂತ್ರಗಳು ಪರಸ್ಪರ ಕಡತ ಹಂಚಿಕೊಳ್ಳುವ ಏರ್ಪಾಡಿನಲ್ಲಿ ಒಂದು ದೋಷವಿತ್ತು. ಅದರ ಮೂಲಕ ಒಂದು ಯಂತ್ರವನ್ನು ಹೊಕ್ಕ ವನ್ನಾಕ್ರೈ, ಪಕ್ಕದ ಯಂತ್ರಗಳನ್ನು ತಾನೇ ಹುಡುಕಿಕೊಂಡು ಹೋಯಿತು. ಗಾಳಿಮಳೆಯಲ್ಲಿ ಗೊನೆಯಿಂದ ಗೊನೆಗೆ ಹೋಗುವ ಕೊಳೆರೋಗದ ಹಾಗೆ. ದೋಷ ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಕೊಟ್ಟಿತ್ತು. ಮಳೆಗೆ ಮುಂಚೆ ಬೋರ್ಡೋ ಹೊಡೆಯದವರ ಪಾಡು ನಮಗೆ ಗೊತ್ತಿರುವುದೇ.

ಬೀಗದ ಬಗೆಯನ್ನು ಗಮನಿಸಿ. ಒಂದೊಂದು ಕಡತಕ್ಕೂ ಒಂದೊಂದು ಕೀಲಿ. ಆ ಕೀಲಿಗಳನ್ನೆಲ್ಲ ಮತ್ತೊಂದು ಬೀಗದೊಳಗೆ ಇಡುತ್ತದೆ. ಅದನ್ನು ತೆರೆಯುವ ಕೀಲಿ ಕಳ್ಳನ ಕೈಯಲ್ಲಿ. ಪೇಟೆಯ ಮೆಕ್ಯಾನಿಕ್ ಎಷ್ಟೇ ಜಾಣನಾದರೂ ಬಿಚ್ಚಲಾರ. ಪರದೆಯ ಮೇಲೆ ಬಿಟ್‌ಕಾಯಿನ್ ರೂಪದಲ್ಲಿ 300 ಡಾಲರಿನ ಬೇಡಿಕೆ, ಮೂರು ದಿನ ಕಳೆದರೆ 600. ಹಣ ಸೇರಬೇಕಾದದ್ದು ಮೂರೇ ವಿಳಾಸಗಳಿಗೆ. ಕಟ್ಟಿದವರು ಯಾರೆಂದು ಗುರುತಿಸುವುದೇ ಕಷ್ಟವಾಗಿತ್ತು. ಕಟ್ಟಿ ಫಲವೇನು?

ಇದು ಕೆಲಸಕ್ಕೆ ಮುಂಚೆ, ಯಾರೂ ನೋಂದಾಯಿಸದ ಒಂದು ಅಂತರ್ಜಾಲ ವಿಳಾಸವನ್ನು ಹುಡುಕುತ್ತಿತ್ತು, ಸಿಕ್ಕರೆ ಸುಮ್ಮನಾಗುತ್ತಿತ್ತು. ಬ್ರಿಟನ್ನಿನ ಒಬ್ಬ ಯುವಕ ಹತ್ತು ಹನ್ನೊಂದು ಡಾಲರಿಗೆ ಆ ಹೆಸರನ್ನು ಕೊಂಡ. ಹಬ್ಬುವುದು ಅಂದೇ ತಗ್ಗಿತು. ಆದರೆ ಅಷ್ಟರಲ್ಲಿ ಬೀಗ ಬಿದ್ದ ಕಡತಗಳು ತೆರೆಯಲಿಲ್ಲ.

ಪತ್ತೆ ಹೇಗೆ? ನಿನ್ನೆ ತೆರೆದ ಕಡತ ಇಂದು ತೆರೆಯದು. ಹೆಸರಿನ ಬಾಲದಲ್ಲಿ ‘ಡಬ್ಲ್ಯು ಎನ್ ಸಿ ಆರ್ ವೈ’ ಅಕ್ಷರಗಳು. ಬೇರೆ ತಳಿಗಳಲ್ಲಿ ಬಾಲ ಬೇರೆ ಇರಬಹುದು. ನೂರಾರು ಕಡತಗಳು ಒಂದೇ ಹೊತ್ತಿನಲ್ಲಿ ಬದಲಾದಂತೆ ಕಾಣುತ್ತವೆ. ಯಾರೂ ಕೆಲಸ ಮಾಡದಿದ್ದರೂ ಯಂತ್ರ ನಿಧಾನವಾಗಿ, ಡಿಸ್ಕಿನ ದೀಪ ಬಿಡದೆ ಮಿನುಗುತ್ತದೆ. ಒಂದು ಯಂತ್ರ ಇತರೆಲ್ಲ ಯಂತ್ರಗಳ 445ನೆಯ ಪೋರ್ಟನ್ನು ಬಡಿಯುತ್ತಿದ್ದರೆ ಜಾಲ ನೋಡಿಕೊಳ್ಳುವವರು ಕೂಡಲೇ ಎಚ್ಚರಗೊಳ್ಳಬೇಕು. ಮೊದಲು ಜಾಲದ ತಂತಿ ಕೀಳಿರಿ, ವೈಫೈ ನಿಲ್ಲಿಸಿರಿ. ಪ್ರತಿ ಇರುವ ಡಿಸ್ಕನ್ನು ಆ ಯಂತ್ರಕ್ಕೆ ಜೋಡಿಸಲೇಬಾರದು, ಅದಕ್ಕೂ ಬೀಗ ಬೀಳುತ್ತದೆ.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳುತ್ತೇವೆ. ಸಂಘದ ಲೆಕ್ಕದ ಪ್ರತಿ ಇದ್ದ ಡಿಸ್ಕ್ ವರ್ಷವಿಡೀ ಕಂಪ್ಯೂಟರಿಗೇ ಅಂಟಿಕೊಂಡಿತ್ತು. ಇನ್ನು ಮೇಲೆ ಪ್ರತಿ ಶನಿವಾರ ಪ್ರತಿ ತೆಗೆದು ಡಿಸ್ಕನ್ನು ತಿಜೋರಿಯಲ್ಲಿಡಲಾಗುವುದು. ಸದಸ್ಯರು ಸಂಘಕ್ಕೆ ಬಂದಾಗ ತಪ್ಪದೆ ಪಾಸ್‌ಬುಕ್ಕಿನಲ್ಲಿ ನಮೂದು ಮಾಡಿಸಿಕೊಳ್ಳಬೇಕಾಗಿ ವಿನಂತಿ.

— ಕಾರ್ಯದರ್ಶಿ